ಭೀಮೆಯ ದಂಡೆಗೆ ಗೆರೆ ಎಳೆಯಬೇಕಾದವರು

ಅಫಜಲಪುರ, ಜೇವರ್ಗಿ, ಆಳಂದ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಅಧ್ಯಕ್ಷರೇ, ಸದಸ್ಯರೇ, ಗ್ರಾಮಸಭೆಗೆ ಬಂದು ಜಮಖಾನೆಯ ಮೇಲೆ ಕೂರುವ ಅಣ್ಣಂದಿರೇ, ಅಕ್ಕಂದಿರೇ,

ಕಡಲು ನಮಗೆ ದೂರ. ಆದರೂ ಕಡಲ ದಂಡೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಕಾರವಾರದಿಂದ ಉಳ್ಳಾಲದವರೆಗೆ ಮುನ್ನೂರು ಕಿಲೋಮೀಟರಿಗೂ ಮಿಕ್ಕಿ ಹಬ್ಬಿದ ಆ ದಂಡೆಗೆ ಕಾನೂನು ಒಂದು ಗೆರೆ ಎಳೆದಿದೆ. 1991ರ ಫೆಬ್ರುವರಿ 19ರಂದು ಕೇಂದ್ರ ಸರ್ಕಾರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊರಡಿಸಿತು. ಉಬ್ಬರದ ನೀರು ಏರಿ ನಿಲ್ಲುವ ರೇಖೆಯಿಂದ 500 ಮೀಟರ್ ಒಳಗೆ ಏನು ಕಟ್ಟಬಹುದು, ಏನು ಕಟ್ಟಬಾರದು ಎಂಬುದಕ್ಕೆ ನಿಯಮ ಬಂತು. ಹಳ್ಳಿಗಾಡಿನ ಕಡೆ ಮೊದಲ 200 ಮೀಟರಿನಲ್ಲಿ ಹೊಸ ಕಟ್ಟಡ ಏಳಬಾರದು ಎಂದಾಯಿತು. 2019ರಲ್ಲಿ ಬಂದ ಹೊಸ ಅಧಿಸೂಚನೆ ಜನದಟ್ಟಣೆ ಹೆಚ್ಚಿರುವ ಹಳ್ಳಿಗಳಲ್ಲಿ ಆ ಅಂತರವನ್ನು 50 ಮೀಟರಿಗೆ ಇಳಿಸಿ ಗೆರೆಯನ್ನು ನೀರಿನ ಹತ್ತಿರಕ್ಕೆ ತಳ್ಳಿತು. ಹಾಗೆ ತಳ್ಳಿದ್ದು ಅನ್ಯಾಯ ಎಂದೇ ನಾನು ನಂಬುತ್ತೇನೆ. ಆದರೂ ಅಲ್ಲಿ ಗೆರೆ ಎಂಬುದೊಂದಿದೆ. ಯಾರಾದರೂ ಮೀರಿದರೆ ಅದನ್ನು ತೋರಿಸಿ ನ್ಯಾಯ ಕೇಳಬಹುದು.

ಭೀಮೆಗೆ ಅಂಥ ಗೆರೆ ಇಲ್ಲ. ಅದನ್ನು ಕೂಡುವ ಅಮರ್ಜೆಗೂ ಇಲ್ಲ. ನದಿಗಳಿಗೂ ನಿಯಂತ್ರಣ ವಲಯ ಬೇಕು ಎಂಬ ಕರಡು ದೆಹಲಿಯ ಪರಿಸರ ಸಚಿವಾಲಯದಲ್ಲಿ ವರ್ಷಗಟ್ಟಲೆ ಓಡಾಡಿತು, ಅಧಿಸೂಚನೆಯಾಗಿ ಹೊರಗೆ ಬರಲಿಲ್ಲ. ಭೀಮೆ ಹುಟ್ಟುವ ಮಹಾರಾಷ್ಟ್ರದಲ್ಲಿ ಕಾರ್ಖಾನೆಗಳನ್ನು ನದಿಯಿಂದ ದೂರ ಇಡಲೆಂದು 2000ದಲ್ಲಿ ನದಿ ನಿಯಂತ್ರಣ ವಲಯದ ನೀತಿ ಬಂದಿತ್ತು. 2015ರಲ್ಲಿ ಅದನ್ನೂ ರದ್ದು ಮಾಡಿದರು. ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರ ಹಾಯ್ದು, ಅಫಜಲಪುರ ಜೇವರ್ಗಿಗಳ ಹೊಲಗಳ ಮಗ್ಗುಲಲ್ಲಿ ಹರಿದು, ರಾಯಚೂರಿನ ಹತ್ತಿರ ಕೃಷ್ಣೆಯನ್ನು ಸೇರುವ ಎಂಟುನೂರು ಕಿಲೋಮೀಟರಿಗೂ ಮೀರಿದ ಹೊಳೆಗೆ ಇದು ನಿನ್ನ ಜಾಗ ಎಂದು ಬರೆದುಕೊಟ್ಟ ಕಾಗದ ಒಂದೂ ಇಲ್ಲ. ಹಾಗಾಗಿ ಆ ಗೆರೆಯನ್ನು ಎಳೆಯುವ ಕೆಲಸ ನಿಮ್ಮ ಕೈಗೆ ಬಂದು ನಿಂತಿದೆ. ನೀವು ಎಳೆಯದಿದ್ದರೆ ಎಳೆಯುವವರು ಮತ್ತೊಬ್ಬರಿಲ್ಲ.

ಈಗಲೇ ಏಕೆ ಎಂದು ಕೇಳುವಿರಿ. ಹಣ ಬರುತ್ತಿದೆ, ಅದಕ್ಕೇ ಈಗಲೇ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಈ ಸೀಮೆಗೆ ಅನುದಾನದ ದಾರಿ ತೆರೆದಿದೆ. ಬರಲೇಬೇಕಾಗಿದ್ದ ಹಣ ಅದು, ನಮ್ಮ ಹಿರಿಯರು ಹೋರಾಡಿ ಪಡೆದದ್ದು. ಆ ಹಣ ಹೊಳೆದಂಡೆಗೆ ಬಂದಾಗ ಮಾತ್ರ ಒಂದೇ ವೇಷ ತೊಟ್ಟು ಬರುತ್ತದೆ: ಕಾಂಕ್ರೀಟು ಸ್ನಾನಘಟ್ಟ, ಪೇವರ್ಸ್ ಹಾಸಿದ ಅಂಗಳ, ಯಾತ್ರಿ ನಿವಾಸ, ವಾಣಿಜ್ಯ ಮಳಿಗೆ, ಹೈಮಾಸ್ಟ್ ದೀಪ. ಅದರ ಬೆನ್ನಿಗೆ ಖಾಸಗಿಯವರು ಬರುತ್ತಾರೆ. ದಂಡೆಯ ಹೊಲ ಎನ್‌ಎ ಆಗುತ್ತದೆ, ಅಂದರೆ ಕೃಷಿಯೇತರ ಜಮೀನಾಗುತ್ತದೆ, ಲಾಡ್ಜು ಏಳುತ್ತದೆ, ಲಾಡ್ಜಿನ ಪಾಯಿಖಾನೆ ನೀರು ಹಳ್ಳ ಹಿಡಿದು ಹೊಳೆಗೆ ಇಳಿಯುತ್ತದೆ. ಇಷ್ಟಕ್ಕೆಲ್ಲ ಪ್ರವಾಸೋದ್ಯಮ ಎಂದು ಹೆಸರು.

ದೇವಲ ಗಾಣಗಾಪುರದ ಸಂಗಮಕ್ಕೆ ಹೋಗಿ ನಿಂತು ನೋಡಿ. ಹುಣ್ಣಿಮೆ, ಅಮಾವಾಸ್ಯೆ, ಗುರುವಾರ ಬಂದರೆ, ದತ್ತ ಜಯಂತಿ ಬಂದರೆ, ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣದ ಜನ ಅಲ್ಲಿ ತುಂಬಿ ತುಳುಕುತ್ತಾರೆ. ಹದಿನೈದನೆಯ ಶತಮಾನದಲ್ಲಿ ಶ್ರೀ ನರಸಿಂಹ ಸರಸ್ವತಿಗಳು ನೆಲೆಸಿದ ಊರು ಅದು. ನಿರ್ಗುಣ ಪಾದುಕೆಯ ದರ್ಶನಕ್ಕೆ ಬರುವವರು ಮೊದಲು ಭೀಮೆ ಅಮರ್ಜೆ ಕೂಡುವಲ್ಲಿ ಮುಳುಗು ಹಾಕುತ್ತಾರೆ. ಆಮೇಲೆ ದಂಡೆಯಲ್ಲಿ ಉಳಿಯುವುದೇನು? ಒದ್ದೆ ಬಟ್ಟೆಗಳ ಮುದ್ದೆ, ಶಾಂಪೂ ಚೀಟಿ, ಪ್ಲಾಸ್ಟಿಕ್ ಬಾಟಲಿ, ತಗಡಿನ ತಟ್ಟೆಯ ಹೊಳಪಿನ ಕಾಗದದ ಎಲೆ, ಕೊಳೆತ ಹೂವು. ಇದು ಭಕ್ತರ ತಪ್ಪು ಎಂದು ಕೈತೊಳೆದುಕೊಳ್ಳುವುದು ಸುಲಭ. ಬಟ್ಟೆ ಬಿಡಲು ಒಂದು ಕಟ್ಟೆ, ಕಸ ಹಾಕಲು ಒಂದು ಜಾಗ, ಹೊಳೆಗೆ ಹಾಕಬೇಡಿ ಎಂದು ಮರಾಠಿ, ಕನ್ನಡ, ತೆಲುಗಿನಲ್ಲಿ ಕೈಮುಗಿದು ಹೇಳುವ ನಾಲ್ಕು ಮಂದಿ, ಇಷ್ಟನ್ನು ಏರ್ಪಾಡು ಮಾಡಬೇಕಾದವರು ಯಾರು?

ಆ ಕ್ಷೇತ್ರದ ಕತೆಯನ್ನಾದರೂ ನೆನೆಯಿರಿ. ಕುಷ್ಠ ಹತ್ತಿದ ನರಹರಿ ಗುರುವಿನ ಬಳಿ ಬರುತ್ತಾನೆ. ಗುರು ಅವನ ಕೈಗೆ ಅತ್ತಿಯ ಒಣ ಕಟ್ಟಿಗೆ ಕೊಟ್ಟು, ಸಂಗಮದ ದಂಡೆಯಲ್ಲಿ ನೆಟ್ಟು ದಿನವೂ ನೀರು ಹಾಕು ಎನ್ನುತ್ತಾರೆ. ಊರವರು ನಗುತ್ತಾರೆ, ಅವನು ನೀರು ಹಾಕುವುದನ್ನು ಬಿಡುವುದಿಲ್ಲ. ಒಣ ಕಟ್ಟಿಗೆ ಚಿಗುರುತ್ತದೆ. ಗುರುಚರಿತ್ರೆಯ ಈ ಕತೆಯನ್ನು ಸಂಗಮದ ಔದುಂಬರದ ನೆರಳಿನಲ್ಲಿ ಇಂದಿಗೂ ಪಾರಾಯಣ ಮಾಡುತ್ತಾರೆ. ಹಾಗಾದರೆ ಗಾಣಗಾಪುರದ ಭಕ್ತಿ ನಿಂತಿರುವುದು ಎರಡರ ಮೇಲೆ: ದಂಡೆಯಲ್ಲಿ ಬೇರು ಬಿಟ್ಟ ಒಂದು ಮರ, ಅದಕ್ಕೆ ಹೊತ್ತು ಹಾಕುವ ನೀರು. ಅತ್ತಿಮರದ ಬುಡದವರೆಗೂ ಸಿಮೆಂಟು ಬಳಿದರೆ ಬೇರಿಗೆ ಗಾಳಿ ಎಲ್ಲಿಯದು? ಷಟ್ಕುಲ, ನರಸಿಂಹ, ಭಾಗೀರಥಿ, ಪಾಪವಿನಾಶಿ, ಕೋಟಿ, ರುದ್ರಪಾದ, ಚಕ್ರ, ಮನ್ಮಥ ಎಂದು ಎಂಟು ತೀರ್ಥಗಳ ಹೆಸರು ಹೇಳಿ ಪುಣ್ಯ ಎಣಿಸುವ ನಾವು, ಆ ಎಂಟರ ನೀರನ್ನು ಬೊಗಸೆಯಲ್ಲಿ ತೆಗೆದುಕೊಂಡು ಮಗುವಿಗೆ ಕುಡಿಸಬಲ್ಲೆವೆ?

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ನದಿಭಾಗಗಳನ್ನು ಮಲಿನ ಎಂದು ಗುರುತಿಸಿತು. ಕರ್ನಾಟಕದವು 17. ಅದರಲ್ಲಿ ನಮ್ಮ ಭೀಮೆ ಇತ್ತು, ಕಾಗಿಣೆಯೂ ಇತ್ತು. ಈ ನೀರನ್ನು ಕುಡಿಯುವವರು ಬೇರೆ ಯಾರೂ ಅಲ್ಲ. ಸಂಗಮದ ಕೆಳಗೆ ಸರಡಗಿಯ ಬ್ಯಾರೇಜಿನಿಂದ ಎತ್ತಿದ ಭೀಮೆಯ ನೀರೇ ಕಲಬುರಗಿ ನಗರದ ನಲ್ಲಿಗಳಲ್ಲಿ ಬರುತ್ತದೆ. ನಗರದಲ್ಲಿ ಓದುತ್ತಿರುವ ನಿಮ್ಮ ಮಕ್ಕಳು ಹಾಸ್ಟೆಲಿನಲ್ಲಿ ಕುಡಿಯುವುದು ಅದನ್ನೇ.

ಇನ್ನು ಅಧಿಕಾರದ ಮಾತು. ನಮ್ಮ ಕೈಯಲ್ಲಿ ಏನದ ಸಾಹೇಬ್ರ, ಎಲ್ಲಾ ಮ್ಯಾಲಿನವರು ಮಾಡ್ತಾರ ಎಂದು ಸದಸ್ಯರು ಹೇಳುವುದನ್ನು ಬಹಳ ಸಲ ಕೇಳಿದ್ದೇನೆ. ಅದು ನಿಜವಲ್ಲ. 73ನೇ ತಿದ್ದುಪಡಿ ಸಂವಿಧಾನದ ಹನ್ನೊಂದನೇ ಪಟ್ಟಿಯಲ್ಲಿ 29 ವಿಷಯಗಳನ್ನು ಪಂಚಾಯಿತಿಗಳಿಗೆಂದು ಬರೆದಿಟ್ಟಿತು. ಕುಡಿಯುವ ನೀರು, ಮೀನುಗಾರಿಕೆ, ಸಾಮಾಜಿಕ ಅರಣ್ಯ, ಸಣ್ಣ ನೀರಾವರಿ, ನೈರ್ಮಲ್ಯ ಎಲ್ಲ ಅದರೊಳಗಿವೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ 1993ರ 64ನೇ ಪ್ರಕರಣ ತೆರೆದು ನೋಡಿ. ನಿಮ್ಮ ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿ ಕಟ್ಟಡ ಎಬ್ಬಿಸಲು ಪಂಚಾಯಿತಿಯ ಅನುಮತಿ ಬೇಕು. ಆಸ್ತಿಯ ದಾಖಲೆಯಾದ ನಮೂನೆ 9, ನಮೂನೆ 11 ಹೊರಬರುವುದು ನಿಮ್ಮ ಕಚೇರಿಯಿಂದಲೇ. ಹೋಟೆಲಿಗೆ, ಅಂಗಡಿಗೆ ಪರವಾನಗಿ ಕೊಡುವವರು ನೀವು. ಜೀವವೈವಿಧ್ಯ ಅಧಿನಿಯಮ 2002ರಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಲೇಬೇಕು. ಅದೇ ಕಾನೂನಿನ 37ನೇ ಪ್ರಕರಣದಡಿ ರಾಜ್ಯ ಸರ್ಕಾರ ಸ್ಥಳೀಯ ಸಂಸ್ಥೆಗಳೊಂದಿಗೆ ಸಮಾಲೋಚಿಸಿ ಒಂದು ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಬಹುದು. ದೇಶದಲ್ಲೇ ಮೊದಲ ಅಂಥ ತಾಣ ನಮ್ಮ ರಾಜ್ಯದ್ದು, ದೇವನಹಳ್ಳಿಯ ಹತ್ತಿರದ ನಲ್ಲೂರಿನ ಹುಣಸೆ ತೋಪು, 2007ರಲ್ಲಿ ಘೋಷಿತವಾಯಿತು. ಹಳೆಯ ಹುಣಸೆಮರಗಳಿಗೆ ಸಿಕ್ಕ ಮಾನ ಸಂಗಮದ ಅತ್ತಿಮರಗಳಿಗೆ, ಅಲ್ಲಿನ ಮಡುವಿಗೆ, ಮೀನು ಆಮೆಗಳಿಗೆ ಏಕೆ ಸಿಗಬಾರದು? ಕೇಳಿದರೆ ತಾನೆ ಸಿಗುವುದು.

ಪಂಚಾಯಿತಿ ಕೊಟ್ಟ ಒಂದು ಅನುಮತಿ ಏನು ಮಾಡಬಲ್ಲದು ಎಂಬುದಕ್ಕೆ ಕೇರಳದ ಮರಡು ಸಾಕ್ಷಿ. 2006ರಲ್ಲಿ ಮರಡು ಇನ್ನೂ ಗ್ರಾಮ ಪಂಚಾಯಿತಿಯಾಗಿತ್ತು. ಹಿನ್ನೀರಿನ ದಂಡೆಯಲ್ಲಿ, ಕರಾವಳಿ ವಲಯದ ನಿಯಮ ಇರುವಾಗಲೇ, ಬಹುಮಹಡಿ ವಸತಿಗಳಿಗೆ ಅದು ಪರವಾನಗಿ ಕೊಟ್ಟಿತು. ಜನ ಜೀವಮಾನದ ಉಳಿತಾಯ ಸುರಿದು ಮನೆ ಕೊಂಡರು. 2019ರಲ್ಲಿ ಸುಪ್ರೀಂ ಕೋರ್ಟ್ ಕೆಡವಲು ಆದೇಶಿಸಿತು. 2020ರ ಜನವರಿ 11 ಮತ್ತು 12ರಂದು ಸ್ಫೋಟಕ ಇಟ್ಟು ಆ ನಾಲ್ಕು ಸಮುಚ್ಚಯಗಳನ್ನು ನೆಲಕ್ಕೆ ಉರುಳಿಸಿದರು. ಅಂದಿನ ಪಂಚಾಯಿತಿ ಕಾರ್ಯದರ್ಶಿಯ ಬಂಧನವೂ ಆಯಿತು. ಒಂದು ಸಹಿ, ಹದಿನಾಲ್ಕು ವರ್ಷ, ನೂರಾರು ಕುಟುಂಬಗಳ ಕಣ್ಣೀರು. ಅಷ್ಟು ದೂರವೇಕೆ? ನಮ್ಮದೇ ಕೊಪ್ಪಳ ಜಿಲ್ಲೆಯಲ್ಲಿ, ಹಂಪಿಯ ಎದುರು ತುಂಗಭದ್ರೆಯ ನಡುವಿನ ವಿರೂಪಾಪುರ ಗಡ್ಡಿಯಲ್ಲಿ ಎದ್ದಿದ್ದ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ 2020ರ ಮಾರ್ಚಿನಲ್ಲಿ ಜೆಸಿಬಿ ಹಚ್ಚಿ ಕೆಡವಿದರು. ಅಲ್ಲಿ ಪಾತ್ರೆ ತೊಳೆಯುತ್ತಿದ್ದ, ಕೋಣೆ ಗುಡಿಸುತ್ತಿದ್ದ ಹಳ್ಳಿಯ ಹುಡುಗರು ಒಂದೇ ದಿನಕ್ಕೆ ಕೆಲಸ ಕಳೆದುಕೊಂಡರು. ಮೊದಲೇ ಬೇಡ ಎಂದಿದ್ದರೆ ಯಾರಿಗೂ ನಷ್ಟವಿರಲಿಲ್ಲ.

ಬೇಡ ಎಂದವರೂ ಇದ್ದಾರೆ. ಪಾಲಕ್ಕಾಡ್ ಜಿಲ್ಲೆಯ ಪೆರುಮಾಟ್ಟಿ ಗ್ರಾಮ ಪಂಚಾಯಿತಿ 2003ರಲ್ಲಿ ಪ್ಲಾಚಿಮಾಡದ ಕೋಕಾ ಕೋಲಾ ಘಟಕದ ಪರವಾನಗಿ ನವೀಕರಿಸಲು ಒಪ್ಪಲಿಲ್ಲ. ಊರ ಬಾವಿಗಳು ಕೆಟ್ಟಿದ್ದವು, ಹೆಣ್ಣುಮಕ್ಕಳು ಗೇಟಿನ ಮುಂದೆ ಕೂತಿದ್ದರು, ಪಂಚಾಯಿತಿ ಅವರ ಪಕ್ಕ ನಿಂತಿತು. ಜಗತ್ತಿನ ದೊಡ್ಡ ಕಂಪನಿಯ ಎದುರು ಒಂದು ಗ್ರಾಮ ಪಂಚಾಯಿತಿ! ಆ ಘಟಕ ಮತ್ತೆ ತೆರೆಯಲಿಲ್ಲ. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಹನ್ನೆರಡು ಗ್ರಾಮಸಭೆಗಳು ಕೂತವು. ಬೆಟ್ಟ ಅಗೆಯುವುದು ಬೇಡ ಎಂದು ಹನ್ನೆರಡೂ ಹೇಳಿದವು. ಬೆಟ್ಟ ಉಳಿಯಿತು. ಅವರ ಬಳಿ ಇದ್ದದ್ದು ನಿಮ್ಮ ಬಳಿ ಇರುವುದೇ: ಒಂದು ಸಭೆ, ಒಂದು ನಡಾವಳಿ ಪುಸ್ತಕ.

ಹಾಗಾದರೆ ಗೆರೆ ಎಲ್ಲಿ ಎಳೆಯಬೇಕು? ಇದಕ್ಕೆ ಎಂಜಿನಿಯರು ಬೇಡ, ಬೆಂಗಳೂರಿನ ಸಲಹೆಗಾರರು ಬೇಡ. 2020ರ ಅಕ್ಟೋಬರಿನಲ್ಲಿ ಭೀಮೆಯೇ ಎಳೆದುಕೊಟ್ಟು ಹೋಗಿದ್ದಾಳೆ. ಮಹಾರಾಷ್ಟ್ರದಲ್ಲಿ ಮಳೆ ಸುರಿದು, ಉಜನಿ ಮತ್ತು ಇತರ ಜಲಾಶಯಗಳ ನೀರು ಸೊನ್ನ ಬ್ಯಾರೇಜು ದಾಟಿ ನುಗ್ಗಿದಾಗ ಗಾಣಗಾಪುರದ ಸೇತುವೆ ಮುಳುಗಿತು, ಘತ್ತರಗಿಯ ಸೇತುವೆ ಮುಳುಗಿತು, ಮಣ್ಣೂರಿನ ಯಲ್ಲಮ್ಮನ ಗುಡಿಗೆ ನೀರು ಹೊಕ್ಕಿತು. ಕಟ್ಟಿಸಂಗಾವಿಯ ಸೇತುವೆಯ ಕೆಳಗೆ ಹೊಳೆ ಉಕ್ಕಿದ್ದನ್ನು ಜೇವರ್ಗಿಯವರು ನಿಂತು ನೋಡಿದರು. ಬೋಟಿನಲ್ಲಿ ಮುದುಕರನ್ನು, ಬಾಣಂತಿಯರನ್ನು ಸಾಗಿಸಿದೆವು. ಕಾಳಜಿ ಕೇಂದ್ರದಲ್ಲಿ ಮಕ್ಕಳು ಚಳಿಯಲ್ಲಿ ಮಲಗಿದವು. ತೊಗರಿ, ಕಬ್ಬು, ಹತ್ತಿ ನೀರೊಳಗೆ ಕೊಳೆತವು. ಆ ದಿನ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ದಂಡೆಯ ಯಾವ ಊರಿನ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ಶಾಲೆಯ ಎರಡನೇ ಮೆಟ್ಟಿಲು, ಹನುಮಪ್ಪನ ಕಟ್ಟೆ, ಫಲಾನೆಯವರ ಕೊಟ್ಟಿಗೆಯ ಗೋಡೆ. ಅದೇ ಗೆರೆ. 2025ರ ಸೆಪ್ಟೆಂಬರಿನಲ್ಲಿ ಹೊಳೆ ಮತ್ತೆ ಬಂದು ಅದನ್ನೇ ನೆನಪಿಸಿತು. ಹೊಳಿ ತನ್ನ ಜಾಗಾ ಬಿಡೂದಿಲ್ಲ ಎನ್ನುತ್ತಾರೆ ನಮ್ಮ ಹಿರಿಯರು.

ಆ ಗೆರೆಯ ಕೆಳಗೆ ಹೊಸ ಲಾಡ್ಜು ಬೇಡ, ಯಾತ್ರಿ ನಿವಾಸ ಬೇಡ, ಕಲ್ಯಾಣ ಮಂಟಪ ಬೇಡ, ಮಳಿಗೆಗಳ ಸಾಲು ಬೇಡ, ದಂಡೆಗುಂಟ ರಸ್ತೆ ಬೇಡ. ಸರ್ಕಾರದ್ದಾದರೂ ಬೇಡ, ಮಠದ್ದಾದರೂ ಬೇಡ, ನಿಮ್ಮ ಬೀಗರದ್ದಾದರೂ ಬೇಡ. ಈಗಾಗಲೇ ಅಲ್ಲಿ ಮನೆ ಕಟ್ಟಿಕೊಂಡಿರುವ ಬಡವರನ್ನು ಒಕ್ಕಲೆಬ್ಬಿಸಿ ಎಂದು ನಾನು ಹೇಳುತ್ತಿಲ್ಲ. ಅವರಿಗೆ ಎತ್ತರದಲ್ಲಿ ಜಾಗ ಕೊಡಿಸುವುದೂ ನಿಮ್ಮದೇ ಹೊಣೆ. ಬೇಡ ಎನ್ನಬೇಕಾದದ್ದು ಹೊಸದಾಗಿ, ದುಡ್ಡು ಹಿಡಿದುಕೊಂಡು ದಂಡೆ ಹುಡುಕಿ ಬರುವವರಿಗೆ.

ಒಂದು ಸಂಗತಿ ನನ್ನ ಮನಸ್ಸನ್ನು ಬಿಡದೆ ಕೊರೆಯುತ್ತದೆ. ರಾಜ್ಯದ ಗ್ರಾಮ ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು 2020ರ ಡಿಸೆಂಬರಿನಲ್ಲಿ. ನೆರೆ ಇಳಿದು ಎರಡೇ ತಿಂಗಳಾಗಿತ್ತು, ಗೋಡೆಗಳ ಮೇಲೆ ಕೆಸರಿನ ಪಟ್ಟಿ ಇನ್ನೂ ಹಸಿಯಾಗಿತ್ತು. ಮತ ಕೇಳಲು ಬಂದವರು ಆ ಕೆಸರು ತುಳಿದುಕೊಂಡೇ ಬಂದರು. ಆ ಚುನಾವಣೆಯಲ್ಲಿ ದಂಡೆಯ ಮಾತು ಎಷ್ಟು ಜನ ಆಡಿದರು? ಜಾತಿಯ ಲೆಕ್ಕ ಆಡಿದರು, ಮನೆ ಹಂಚುವ ಮಾತು ಆಡಿದರು. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಅವಕ್ಕೆ ಚುನಾವಣೆಯೇ ಆಗಲಿಲ್ಲ. ಹಳ್ಳಿಗೂ ವಿಧಾನಸೌಧಕ್ಕೂ ನಡುವೆ ಜನ ಆರಿಸಿದ ಸಂಸ್ಥೆ ಎಂದು ಉಳಿದದ್ದು ಗ್ರಾಮ ಪಂಚಾಯಿತಿ ಒಂದೇ. ಅದರ ಹೆಗಲ ಮೇಲಿನ ಭಾರ ಇದರಿಂದ ಎಷ್ಟು ಹೆಚ್ಚಾಯಿತು ಎಂಬುದನ್ನು ಅದರಲ್ಲಿ ಕೂತವರೇ ಅರಿಯಬೇಕು. ಮುಂದೆ ಮತ ಕೇಳಲು ಬರುವ ಪ್ರತಿಯೊಬ್ಬರನ್ನೂ, ಗಂಡಸಾಗಲಿ ಹೆಂಗಸಾಗಲಿ, ಬಾಗಿಲಲ್ಲೇ ನಿಲ್ಲಿಸಿ ಕೇಳಿ: ಹೊಳೆದಂಡೆಗೆ ನೀವು ಏನು ಮಾಡುತ್ತೀರಿ?

ಉಸುಕಿನ ಮಾತು ಎತ್ತದೆ ದಂಡೆಯ ಮಾತು ಮುಗಿಯದು. ಯಾತ್ರಿ ನಿವಾಸಕ್ಕೂ, ಲಾಡ್ಜಿಗೂ, ನಗರದ ಮನೆಗೂ ಬೇಕಾದ ಉಸುಕು ಇದೇ ಹೊಳೆಯ ಒಡಲಿನಿಂದ ಹೋಗುತ್ತದೆ. ಉಸುಕು ಎಂದರೆ ನೀರಿನ ಕಣಜ. ಮಾರ್ಚಿ ಏಪ್ರಿಲಿನಲ್ಲಿ ಹೊಳೆ ಬತ್ತಿದಾಗ ಹೆಣ್ಣುಮಕ್ಕಳು ಮೊಣಕೈ ಉದ್ದ ವರತಿ ತೋಡಿ, ಬಟ್ಟಲಿನಲ್ಲಿ ಮೊಗೆದು ಕೊಡ ತುಂಬಿಸುತ್ತಿದ್ದದ್ದು ಆ ಕಣಜದಿಂದ. ಉಸುಕು ಹೋದ ಕಡೆ ಈಗ ಬರೀ ಬಂಡೆ, ಕರಿಮಣ್ಣು, ಆಳುದ್ದ ಗುಂಡಿ. ಆ ಗುಂಡಿಯಲ್ಲಿ ಈಸಲು ಹೋದ ಹುಡುಗರು ಮೇಲೆ ಬರುವುದಿಲ್ಲ. 2023ರ ಜೂನಿನಲ್ಲಿ ಜೇವರ್ಗಿ ತಾಲ್ಲೂಕಿನಲ್ಲಿ ಅಕ್ರಮ ಉಸುಕಿನ ಟ್ರ್ಯಾಕ್ಟರ್ ತಡೆಯಲು ಹೋದ ನೆಲೋಗಿ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಒಬ್ಬರ ಮೇಲೆ ಅದೇ ಟ್ರ್ಯಾಕ್ಟರ್ ಹರಿಯಿತು. ಕರ್ತವ್ಯದ ಮೇಲಿದ್ದ ಮನುಷ್ಯ, ಹೆಂಡತಿ ಮಕ್ಕಳಿದ್ದ ಮನುಷ್ಯ, ಒಂದು ಟ್ರಿಪ್ ಉಸುಕಿಗೆ ಸತ್ತ. ಆ ಟ್ರ್ಯಾಕ್ಟರುಗಳು ಎಲ್ಲಿಂದ ಬರುತ್ತವೆ? ನಮ್ಮ ಊರುಗಳಿಂದ. ಯಾರ ಓಣಿಯಲ್ಲಿ ನಿಲ್ಲುತ್ತವೆ ಎಂದು ಪಂಚಾಯಿತಿಗೆ ಗೊತ್ತು. 2020ರ ಮರಳು ನೀತಿ ಸಣ್ಣ ಹಳ್ಳಗಳ ಉಸುಕಿನ ಹೊಣೆಯನ್ನು ಗ್ರಾಮ ಪಂಚಾಯಿತಿಗಳಿಗೇ ಒಪ್ಪಿಸಿದೆ. ಮನೆ ಕಟ್ಟಿಕೊಳ್ಳುವ ಊರವನಿಗೆ ಒಂದು ಬಂಡಿ ಉಸುಕು ಬೇಕು, ನಿಜ, ಅದು ಸಿಗಲಿ. ರಾತ್ರಿ ಹತ್ತರ ಮೇಲೆ ದೀಪ ಆರಿಸಿಕೊಂಡು ಹೋಗುವ ಟಿಪ್ಪರಿಗೆ ದಾರಿ ಬಿಡುವ ಸದಸ್ಯ ಆ ಪೊಲೀಸನ ಮಕ್ಕಳ ಮುಖ ನೋಡಬಲ್ಲನೆ?

ಆಳಂದದವರೇ, ಭೀಮೆ ನಮ್ಮ ತಾಲ್ಲೂಕಿನದಲ್ಲ ಎಂದು ಸುಮ್ಮನಿರಬೇಡಿ. ಅಮರ್ಜೆ ನಿಮ್ಮವಳು. ಕೋರಹಳ್ಳಿಯ ಅಣೆಕಟ್ಟಿನ ಹಿಂದೆ ನಿಲ್ಲುವ ನೀರು, ನಿಮ್ಮ ಹಳ್ಳಗಳಿಂದ ಇಳಿದು ಬರುವ ನೀರು, ಕೆಳಗೆ ಸಂಗಮದಲ್ಲಿ ತೀರ್ಥವಾಗುತ್ತದೆ. ಜಲಾಶಯದ ದಂಡೆ ಕಂಡರೆ ಇಂದಿನ ದಿನಗಳಲ್ಲಿ ಮೊದಲು ಹೊಳೆಯುವುದು ಬೋಟಿಂಗ್, ಉದ್ಯಾನ, ರೆಸಾರ್ಟು. ಜನ ಬಂದು ನೀರು ನೋಡಿ ಸಂತೋಷಪಡಲಿ, ಅದಕ್ಕೆ ಯಾರ ತಕರಾರೂ ಇಲ್ಲ. ಅವರ ಎಂಜಲು, ಅವರ ಮಲ ಆ ನೀರಿಗೆ ಇಳಿಯದಂತೆ ನೋಡಿಕೊಳ್ಳುವ ಮೊದಲ ಕಾವಲುಗಾರರು ನೀವು. ಲಾಡ್ಲೆ ಮಶಾಯಿಖರ ದರ್ಗಾಕ್ಕೆ ಬರುವವರನ್ನು ಎಲ್ಲ ಜಾತಿ ಮತದವರೂ ಸೇರಿ ಬರಮಾಡಿಕೊಳ್ಳುವ ಊರು ನಿಮ್ಮದು, ಅತಿಥಿಯನ್ನು ನಡೆಸಿಕೊಳ್ಳುವುದು ನಿಮಗೆ ಯಾರೂ ಕಲಿಸಬೇಕಿಲ್ಲ.

ಬಡತನದ ಮಾತು ಬರುತ್ತದೆ, ಬರಲೇಬೇಕು. ಈ ಮೂರು ತಾಲ್ಲೂಕುಗಳ ಹುಡುಗರು ದುಡಿಯಲು ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಹೋಗುತ್ತಾರೆ. ಮಳೆ ಕೈಕೊಟ್ಟ ವರ್ಷ ಊರಲ್ಲಿ ಮುದುಕರು ಮಾತ್ರ ಉಳಿಯುತ್ತಾರೆ. 2024ರ ಬೇಸಿಗೆಯಲ್ಲಿ ಭೀಮೆ ಒಣಗಿದಾಗ ಮಹಾರಾಷ್ಟ್ರದಿಂದ ನೀರು ಬಿಡಿಸಿ ಎಂದು ಅಫಜಲಪುರದಲ್ಲಿ ಉಪವಾಸ ಕೂತದ್ದನ್ನು ನೀವೇ ಕಂಡಿರಿ. ಇಂಥ ಸೀಮೆಯಲ್ಲಿ ಯಾತ್ರಿಕರು ಬರುವುದು ಬೇಡ ಎನ್ನಲು ನನಗೆ ಬಾಯಿ ಬಾರದು. ಹೂ ಮಾರುವ ಅವ್ವ, ಟಂಟಂ ಓಡಿಸುವ ಹುಡುಗ, ಖಾನಾವಳಿ ನಡೆಸುವ ಮನೆ, ಎಲ್ಲರ ಅನ್ನ ಅದರಲ್ಲಿದೆ. ನನ್ನ ಬೇಡಿಕೆ ಇಷ್ಟೇ: ಆ ಅನ್ನ ಊರವರ ಕೈಗೆ ಬರಲಿ, ದಂಡೆ ಕೊಂಡವರ ಕೈಗೆ ಹೋಗದಿರಲಿ. ಗಾಣಗಾಪುರದಲ್ಲಿ ಮಧುಕರಿಯ ಪದ್ಧತಿ ಇದೆ. ಭಕ್ತ ಎಷ್ಟೇ ಸಿರಿವಂತನಾಗಿರಲಿ, ಜೋಳಿಗೆ ಹಿಡಿದು ಐದು ಮನೆ ಬೇಡುತ್ತಾನೆ. ಪ್ರತಿ ಮನೆಯಿಂದ ಒಂದು ತುತ್ತು, ಯಾವ ಮನೆಗೂ ಹೊರೆಯಿಲ್ಲ. ಶತಮಾನಗಳಿಂದ ಆ ಸಣ್ಣ ಊರು ಸಾವಿರಾರು ಜನರನ್ನು ಹಾಗೆ ತಾಳಿಕೊಂಡಿತು. ಯಾತ್ರಿಕರಿಗೆ ವಸತಿಯನ್ನೂ ಹಾಗೇ ಹಂಚಬಾರದೇಕೆ? ದಂಡೆಯ ಮೇಲೆ ಐವತ್ತು ಕೋಣೆಯ ಒಂದು ಕಟ್ಟಡಕ್ಕೆ ಬದಲು ಊರೊಳಗೆ ಐವತ್ತು ಮನೆಗಳಲ್ಲಿ ಒಂದೊಂದು ಕೋಣೆ. ಪಾಯಿಖಾನೆ ಕಟ್ಟಿಸಲು, ಗೋಡೆಗೆ ಸುಣ್ಣ ಹಚ್ಚಲು ಮಹಿಳಾ ಸ್ವಸಹಾಯ ಸಂಘಗಳ ಮೂಲಕ ಸಾಲ ಕೊಡಿಸಿ. ಬಾಡಿಗೆ ಆ ಮನೆಯ ಹೆಣ್ಣುಮಗಳ ಖಾತೆಗೆ ಬರಲಿ. ಕಸ ಎತ್ತುವ ಕೆಲಸಕ್ಕೆ ಪಂಚಾಯಿತಿಯ ಸ್ವಚ್ಛ ಸಂಕೀರ್ಣ ಇದೆ, ಹುಣ್ಣಿಮೆ ಅಮಾವಾಸ್ಯೆಗೆ ಹೆಚ್ಚಿನ ಕೂಲಿ ಕೊಟ್ಟು ಅದನ್ನು ನಡೆಸಿ. ವಾಹನಗಳನ್ನು ಊರ ಹೊರಗೇ ನಿಲ್ಲಿಸಿ ಶುಲ್ಕ ತೆಗೆದುಕೊಳ್ಳಿ, ಆ ಶುಲ್ಕ ದಂಡೆಯ ನಿರ್ವಹಣೆಗೇ ಹೋಗಲಿ. ಮುಜರಾಯಿ ಇಲಾಖೆಯ ದೇವಸ್ಥಾನದ ಹುಂಡಿಯಲ್ಲಿ ಬೀಳುವ ಭಕ್ತರ ಹಣದಲ್ಲಿ ಹೊಳೆಗೂ ಒಂದು ಪಾಲು ಇರಬೇಕು ಎಂದು ಬರೆದು ಕೇಳಿ. ಸಂಗಮ ಕೆಟ್ಟರೆ ಕ್ಷೇತ್ರ ಎಲ್ಲಿಯದು?

ಭೀಮೆಯ ದಂಡೆಯಲ್ಲೇ, ಜೇವರ್ಗಿ ದಾಟಿ ಕೆಳಗೆ, ಚಿತ್ತಾಪುರ ತಾಲ್ಲೂಕಿನ ಸನ್ನತಿ ಇದೆ. 1986ರಲ್ಲಿ ಅಲ್ಲಿನ ಚಂದ್ರಲಾಂಬೆಯ ಆವರಣದ ಕಾಳಿಯ ಗುಡಿಯ ಚಾವಣಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಕಳಿಂಗದ ಧೌಲಿ, ಜೌಗಡಗಳಲ್ಲಿ ಕಂಡಿದ್ದ ಪ್ರತ್ಯೇಕ ಶಾಸನಗಳು ಆ ಕಲ್ಲಿನಲ್ಲಿವೆ. ಅವು ಪ್ರಜೆಗಳಿಗೆ ಹೇಳಿದ ನೀತಿಪಾಠವಲ್ಲ, ಸ್ಥಳೀಯ ಅಧಿಕಾರಿಗಳಿಗೆ ರಾಜ ಬರೆದ ಮಾತು. ಜನರೆಲ್ಲ ನನ್ನ ಮಕ್ಕಳು, ಅವರ ಇಹದ ಪರದ ಹಿತ ನನಗೆ ಬೇಕು, ನೀವು ಪಕ್ಷಪಾತ ಮಾಡಬೇಡಿ, ಹೊಟ್ಟೆಕಿಚ್ಚು, ಸಿಟ್ಟು, ಕ್ರೌರ್ಯ, ದುಡುಕು, ಸೋಮಾರಿತನ, ಬೇಸರ ಇವುಗಳಿಗೆ ಒಳಗಾಗಬೇಡಿ ಎಂಬುದು ಅದರ ತಾತ್ಪರ್ಯ. ಗೊತ್ತುಮಾಡಿದ ನಕ್ಷತ್ರದ ದಿನಗಳಂದು ಇದನ್ನು ಜನರಿಗೆ ಓದಿ ಹೇಳಬೇಕು, ಒಬ್ಬನೇ ಇದ್ದರೂ ಅವನಿಗೆ ಓದಿ ಹೇಳಬೇಕು ಎಂಬ ಆಜ್ಞೆಯೂ ಅದರಲ್ಲಿದೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ, ಇದೇ ಹೊಳೆಯ ದಂಡೆಯಲ್ಲಿ, ಅಧಿಕಾರದಲ್ಲಿದ್ದವರ ಆತ್ಮಸಾಕ್ಷಿಯನ್ನು ಹೀಗೆ ಎಚ್ಚರಿಸಿದ್ದರು. ನೀವು ಇಂದು ಆ ಜಾಗದಲ್ಲಿ ಇದ್ದೀರಿ. ನಿಮ್ಮನ್ನು ರಾಜ ನೇಮಿಸಲಿಲ್ಲ, ಓಣಿಯ ಜನ ಆರಿಸಿದರು. ಹೊಣೆ ಅದರಿಂದ ಇಮ್ಮಡಿಯಾಗಿದೆ.

ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವ ಜನ ನಾವು. ಪಲ್ಲಕ್ಕಿಯನ್ನು ಗಂಗಸ್ಥಳಕ್ಕೆಂದು ಹೊಳೆಗೆ ಹೊತ್ತೊಯ್ಯದೆ ಜಾತ್ರೆ ಮಾಡದವರು ನಾವು, ಹೊಳೆಯನ್ನು ಮೈಮೇಲಿನ ದೇವರೆಂದೇ ನಂಬಿದವರು. ಆ ನಂಬಿಕೆ ನಡಾವಳಿ ಪುಸ್ತಕದಲ್ಲಿ ಕಾಣಲಿ.

ಮುಂದಿನ ಗ್ರಾಮಸಭೆಯ ನೋಟಿಸು ಬಂದ ದಿನವೇ ಪಿಡಿಒ ಅವರಿಗೆ ಬರೆದುಕೊಡಿ, ಹೊಳೆದಂಡೆಯ ವಿಷಯ ಚರ್ಚೆಗೆ ಸೇರಬೇಕು ಎಂದು. ಸಭೆಗೆ ಮೊದಲು ಅಂಬಿಗರನ್ನು, ಮೀನು ಹಿಡಿಯುವವರನ್ನು, ದಂಡೆಯ ಹೊಲದವರನ್ನು, ಶಾಲೆಯ ಮಕ್ಕಳನ್ನು ಕರೆದುಕೊಂಡು 2020ರ ನೀರು ಬಂದ ಜಾಗಗಳಿಗೆ ಹೋಗಿ ಕಲ್ಲು ನೆಡಿ, ಸುಣ್ಣ ಬಳಿಯಿರಿ, ಸರ್ವೆ ನಂಬರು ಬರೆದುಕೊಳ್ಳಿ. ಆ ಕಲ್ಲುಗಳ ಕೆಳಗೆ ಹೊಸ ಕಟ್ಟಡಕ್ಕೆ ಈ ಪಂಚಾಯಿತಿ ಅನುಮತಿ ಕೊಡುವುದಿಲ್ಲ, ಎನ್‌ಎಗೆ ಒಪ್ಪಿಗೆ ಸೂಚಿಸುವುದಿಲ್ಲ, ಸಂಸ್ಕರಿಸದ ಕೊಳಚೆಯನ್ನು ಹೊಳೆಗೆ ಬಿಡಗೊಡುವುದಿಲ್ಲ, ಜೀವವೈವಿಧ್ಯ ಸಮಿತಿಯನ್ನು ಹೆಸರಿಗಲ್ಲದೆ ಕೆಲಸಕ್ಕೆ ಕೂರಿಸುತ್ತದೆ ಎಂದು ಠರಾವು ಮಾಡಿ. ಪ್ರತಿಯನ್ನು ತಹಶೀಲ್ದಾರರಿಗೆ, ಜಿಲ್ಲಾಧಿಕಾರಿಗೆ, ಪ್ರವಾಸೋದ್ಯಮ ಇಲಾಖೆಗೆ ಕಳುಹಿಸಿ ಸ್ವೀಕೃತಿ ಪಡೆಯಿರಿ. ಪಂಚಾಯಿತಿಯ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳದು, ವರತಿ ತೋಡಿದ ಕೈಗಳೂ ಅವರವೇ. ಠರಾವನ್ನು ಅವರೇ ಮಂಡಿಸಲಿ, ಅವರ ಗಂಡಂದಿರು ಹಿಂದೆ ಕೂತು ಕೇಳಲಿ.